ರೋಜಾ ಬಿಟ್ಟ ಕಾರಣ

ರಂಜಾನ್ ತಿಂಗಳು, ರೋಜಾ ಉಪವಾಸದ ದಿನಗಳು. ಹುಮನಾಬಾದಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಕ್ಕನ ಸರದಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಬುರ್ಖಾ ತೊಟ್ಟ ಹಿರಿಯ ಹೆಂಗಸು ಬಾಟಲಿ ಎತ್ತಿ ಗಟಗಟ ನೀರು ಕುಡಿದರು. ಅವರ ಜೊತೆಗೆ ಬಂದಿದ್ದ, ಕುಂಕುಮ ಇಟ್ಟ ಹೆಂಗಸು ಅವರನ್ನೇ ನೋಡುತ್ತಿದ್ದರು.

"ಹೋದ ವರ್ಷ ಸ್ಕ್ಯಾನಿಗೆ ನೀರು ಕುಡೀರಿ ಅಂದ್ರ, ರೋಜಾ ಅದ ಅಂತ ಜಗಳಾ ತೆಗದಿದ್ರಿ, ಆಪಾ."

"ಈ ಸಲ ಕುಡದೆ. ಆಯ್ತಲ್ಲ, ಸುಮನಬಾಯಿ?"

"ನಿನ್ನೆ ಸ್ಕ್ಯಾನ್ ಇರಲಿಲ್ಲ. ಆದ್ರೂ ಮಧ್ಯಾಹ್ನ ಬಾಜೂಕ ನಮ್ಮನಿಗಿ ಬಂದು ಚಾ ಕುಡದ್ರಿ. ನಮಾಜ್ ಭೀ ಬಿಟ್ಟೀರಿ. ಮುಟ್ಟಾದಾಗ ಹಾಂಗ ಬಿಡತಿದ್ರಿ. ಅದು ನಿಂತು ಎಷ್ಟೋ ವರ್ಷ ಆಯ್ತಲ್ರಿ?"

ಹಿರಿಯ ಹೆಂಗಸು ಬಾಟಲಿ ಮುಚ್ಚಿ ದನಿ ತಗ್ಗಿಸಿದರು.

"ಮೊನ್ನೆಯಿಂದ ಒಂದೀಟು ರಕ್ತ ಕಾಣಾಕತ್ತದ."

"ಡಾಕ್ಟರಿಗೆ ಹೇಳೀರೇನ್ರಿ?"

"ಅವರದು ಎದಿ ಕ್ಯಾನ್ಸರಿನ ಇಲಾಜು. ಇದು ಕೆಳಗಿಂದು. ಸೊಸೀಗೂ ಹೇಳಿಲ್ಲ, ಶರಮ್ ಆಗ್ತದ."

"ಎದಿಗೆ ಕೊಟ್ಟ ಗುಳಿಗಿಯಿಂದನೇ ಗರ್ಭಚೀಲದ ಒಳಪದರ ದಪ್ಪ ಆಗಬಹುದು, ರಕ್ತ ಕಂಡ್ರ ತಡಾ ಮಾಡಬ್ಯಾಡ್ರಿ ಅಂತ ಆ ಡಾಕ್ಟರೇ ಮೊದ್ಲೇ ಹೇಳಿದ್ರಲ್ರಿ. ಈ ಸ್ಕ್ಯಾನ್ ಅದಕ್ಕೇ."

"ಮಶೀನಿಗೆ ಕಾಣತದಲ್ಲ. ನಾ ಯಾಕ ಹೇಳಬೇಕು?"

"ಮಶೀನಿಗೆ ಪದರ ಕಾಣತದ. ಮೊನ್ನೆ ಹೋದ ರಕ್ತ ಹ್ಯಾಂಗ ಕಾಣತದ್ರಿ?"

"ಕುಲ್ಸುಮ್ ಬೀ, ರಾಜೇಶ್ವರ!" ಎಂದು ಒಳಗಿನಿಂದ ಹೆಸರು, ಊರು ಹಿಡಿದು ಕರೆದರು.

"ರೋಜಾ ಬಿಟ್ಟು ಅಲ್ಲಾನ ಮುಂದ ಹೇಳಿ ಆಯ್ತು, ಆಪಾ. ಈಗ ಡಾಕ್ಟರ ಮುಂದ ಹೇಳ್ರಿ."

ಕುಲ್ಸುಮ್ ಬೀ ಸುಮನಬಾಯಿಯ ಕೈ ಹಿಡಿದು ಎದ್ದರು.

"ನೀ ಭೀ ಒಳಗ ಬಾ. ಹೇಳೂದು ನಾನೇ ಹೇಳ್ತೀನಿ. ನೀ ಬಾಜೂಕ ನಿಂದ್ರು, ಸಾಕು."