ಅಣ್ಣ ಕೂತಿದ್ದ ಬಸ್ಸು

ದ್ವೀಪದೇಶದ ರಾಜಧಾನಿ ನುಕುಅಲೋಫಾದ ಬಸ್ ನಿಲ್ದಾಣದಲ್ಲಿ ಮಾಫಿ ಗೆಣಸಿನ ಬುಟ್ಟಿಯನ್ನು ಕಾಲಬಳಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಚಿಕ್ಕಮ್ಮಾ, ಹೊಟ್ಟೇಲೇ ಮಗು ಕಳ್ಕೊಂಡ ಹೆಂಗಸರ ಮಾತು ಕೇಳಿ ಬರೆಯೋದೇ ನನ್ನ ಪಿಎಚ್‌ಡಿ. ಕ್ಲಾಸಲ್ಲಿ ಕಲಿಸಿದ ಹಾಗೇ ಕೇಳ್ದೆ. ಚರ್ಚಲ್ಲಿ ಅಷ್ಟು ಜನ ಕೂತಿದ್ರು, ಒಬ್ರೂ ಬಾಯಿ ಬಿಡ್ಲಿಲ್ಲ.”

“ರೆಕಾರ್ಡರ್ ಹಿಡ್ಕೊಂಡು ನಿಂತಿದ್ದೋನು ಯಾರೇ ಸೆಲು?”

“ನಮ್ಮಣ್ಣ. ಸಹಾಯಕ್ಕೆ ಬಂದಿದ್ದ.”

“ಅಲ್ಲಿದ್ದ ಅರ್ಧ ಜನಕ್ಕೆ ಅವನು ಅಣ್ಣನೋ ತಮ್ಮನೋ ಆಗ್ಬೇಕು. ಅಣ್ಣತಮ್ಮಂದಿರ ಎದುರು ಬಸಿರಿನ ಮಾತು ಯಾರಾಡ್ತಾರೆ? ಆಕ್ಲೆಂಡಿಗೆ ಹೋಗಿ ಅದನ್ನೂ ಮರೆತ್ಯಾ?”

ಸೆಲು ಹಣೆ ಚಚ್ಚಿಕೊಂಡಳು. “ಹಾಗಾದ್ರೆ ಮೊದಲಿಂದ ಶುರು ಮಾಡ್ತೀನಿ. ಒಬ್ಬೊಬ್ಬರ ಮನೆಗೂ ನಾನೊಬ್ಳೇ ಹೋಗ್ತೀನಿ. ವರ್ಷ ಹಿಡಿದ್ರೂ ಸರಿ.”

“ನಿಮ್ಮ ಗೈಡು ಬಯ್ಯಲ್ವಾ?”

“ಬಯ್ಲಿ.”

ಬಸ್ಸು ಬಂತು. ಎದ್ದ ಚಿಕ್ಕಮ್ಮ ಕಿಟಕಿಯತ್ತ ನೋಡಿ ಹಿಂದೆ ಸರಿದಳು.

“ಇದು ಬೇಡ. ಮುಂದಿನ ಸೀಟಲ್ಲಿ ನಿಮ್ಮ ಮಾವ ಕೂತಿದಾನೆ.”

“ಕೂತಿದ್ರೇನು?”

“ನಿನಗೆ ಮಾವ, ನನಗೆ ಅಣ್ಣ ಕಣೇ. ನಡ್ಕೊಂಡೇ ಹೋಗೋಣ. ರೆಕಾರ್ಡರ್ ತೆಗಿ. ಮೊದಲು ನಂದು ಕೇಳ್ಕೋ.”

ಮಾಫಿ ಬಸ್ ಹತ್ತಿ ಕಿಟಕಿಯಿಂದ ನೋಡಿದಳು. ಸುಡುಬಿಸಿಲಲ್ಲಿ ಇಬ್ಬರೂ ಕಡಲ ದಾರಿ ಹಿಡಿದಿದ್ದರು. ಸೆಲು ಒಂದು ಪ್ರಶ್ನೆಯನ್ನೂ ಹಾಕುತ್ತಿರಲಿಲ್ಲ. ಚಿಕ್ಕಮ್ಮ ಹೇಳುತ್ತಲೇ ಇದ್ದಳು.