ಗೇಟಿಗೆ ಅಂಟಿಸಿದ ನೋಟಿಸು

ಕಂಪನಿಗಳ ನೋಂದಣಿ ಕಚೇರಿಯ ಬೆಂಚಿನ ಮೇಲೆ ಸರದಿಗೆ ಕಾದು ಕೂತಿದ್ದ ಹಾಲಿನ ವ್ಯಾಪಾರಿಗೆ, ಪಕ್ಕದಲ್ಲಿದ್ದ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಹೊಸ ಷೇರೆಲ್ಲ ನಿನ್ನ ಹೆಂಡತಿ ಹೆಸರಿಗೆ! ಅಪ್ಪ ಕಟ್ಟಿದ ಎಣ್ಣೆ ಮಿಲ್ಲಲ್ಲಿ ಅರ್ಧ ನಂದಿತ್ತು. ಈಗ ನಾನು ಲೆಕ್ಕಕ್ಕೇ ಇಲ್ಲ.”

“ಕಾನೂನು ಪ್ರಕಾರವೇ ಮಾಡಿದೀನಿ ಅಕ್ಕ. ಸರ್ಕಾರಕ್ಕೆ ವರದಿ ಕೊಟ್ಟರೆ ಮುಗೀತು.”

“ಆ ಷೇರು ಮೊದಲು ನಂಗೆ ಬೇಕಾ ಅಂತ ಕೇಳಬೇಕಿತ್ತಲ್ಲ? ಅದನ್ನೂ ವರದೀಲಿ ಬರೀಬೇಕು.”

“ಬರೆದಿದೀನಿ. ನೋಟಿಸು ಅಂಟಿಸಿದ್ದೆ, ನೀನು ನೋಡಲಿಲ್ಲ.”

“ಎಲ್ಲಿ ಅಂಟಿಸಿದ್ದೆ?”

“ಮಿಲ್ಲಿನ ಗೇಟಿಗೆ.”

“ಒಳಗೋ, ಹೊರಗೋ?”

ತಮ್ಮ ಕನ್ನಡಕ ತೆಗೆದು ಒರೆಸಿದ. “ಒಳಗೆ. ಹೊರಗೆ ಬಿಸಿಲಿಗೆ ಹಾಳಾಗುತ್ತೆ.”

“ಆ ಗೇಟಿನ ಬೀಗ ಬದಲಾಯಿಸಿ ನನ್ನನ್ನ ಬೀದೀಲಿ ನಿಲ್ಲಿಸಿದವನು ಯಾರೋ?”

“ಮೆಲ್ಲಗೆ ಮಾತಾಡು, ಇದು ಕಚೇರಿ.”

“ಹೊಟ್ಟೆ ಉರೀತಿರುವಾಗ ಮೆಲ್ಲಗೆ ಎಲ್ಲಿಂದ ಬರುತ್ತೆ? ಬೀಗದ ವಿಷಯಾನೂ ಸಾಹೇಬರಿಗೆ ಹೇಳ್ತೀನಿ.”

“ನಿನ್ನ ಮಾತು ಯಾರು ಕೇಳ್ತಾರೆ?”

ಒಳಗಿನಿಂದ ಅಕ್ಕ ತಮ್ಮನಿಗೆ ಕರೆ ಬಂತು. ತಮ್ಮ ದಡಬಡನೆ ಎದ್ದು ಬಾಗಿಲಿಗೆ ಅಡ್ಡ ನಿಂತ. ಹಾಲಿನ ವ್ಯಾಪಾರಿ ಕಾಲು ಹಿಂದಕ್ಕೆಳೆದುಕೊಂಡು ಅಕ್ಕನಿಗೆ ದಾರಿ ಬಿಟ್ಟ.

“ಪಕ್ಕಕ್ಕೆ ಸರಿಯೋ. ಈ ಬಾಗಿಲಿನ ಬೀಗ ನಿನ್ನ ಕೈಲಿಲ್ಲ,” ಎಂದವಳೇ ಅವನನ್ನು ದಾಟಿ ಒಳಗೆ ನಡೆದಳು.