ಅವಳಿಗೆ ಕೇಳದ ದನಿ

ಗಂಟಲು ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ದರ್ಜಿ, ಅವನ ಹೆಂಡತಿ. ಅವಸರದಲ್ಲಿ ಅಳತೆ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಬಂದಿದ್ದ. ಆಕೆಗೆ ಕಿವಿ ಕೇಳದು. ಗಂಡನ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಅವನದು ಗೊಗ್ಗರು ದನಿ. ಆಕೆಯದು ಇಡೀ ವರಾಂಡಕ್ಕೆ ಕೇಳುತ್ತಿತ್ತು.

"ಈ ಕಡೆ ತಿರುಗಿ ಹೇಳ್ರಿ. ಏನಂದ್ರು ಡಾಕ್ಟ್ರು?"

"ಗಡ್ಡೆ ಕ್ಯಾನ್ಸರ್ದೇ ಅಂತೆ. ಧ್ವನಿಪೆಟ್ಟಿಗೇನೇ ತೆಗೀಬೇಕಂತೆ. ಉಸಿರಾಡೋಕೆ ಕತ್ತಲ್ಲೊಂದು ತೂತು ಮಾಡ್ತಾರಂತೆ."

"ಮೊದಲೇ ಬಂದಿದ್ರೆ?"

"ಗಡ್ಡೆ ಮಾತ್ರ ತೆಗೆದು ದನಿ ಉಳಿಸಬಹುದಿತ್ತಂತೆ. ಇಷ್ಟು ದಿನ ಗಂಟಲು ಕಟ್ಟಿದ್ರೂ ಮನೇಲಿ ಯಾರಿಗೂ ಕೇಳಿಸ್ಲಿಲ್ವಾ ಅಂತ ಬೈದ್ರು."

"ಮನೇಲಿರೋದು ನಾನೊಬ್ಳು. ನಂಗೆ ಹೇಗೆ ಗೊತ್ತಾಗ್ಬೇಕು? ನೀವಾದ್ರೂ ಬಾಯಿ ಬಿಡಬಾರ್ದಿತ್ತಾ?"

"ಮಿಷನ್ ಸದ್ದಲ್ಲಿ ಕೂಗಿ ಕೂಗಿ ಹೀಗಾಗಿದೆ ಅನ್ಕೊಂಡೆ."

 

"ಹೋಗ್ಲಿ ಬಿಡಿ. ನಂಗೆ ನಿಮ್ಮ ತುಟಿ ಆಡಿದ್ರೆ ಸಾಕು."

"ಅಂಗಡಿಗೆ ಬರೋ ಗಿರಾಕಿಗಳಿಗೆ?"

"ನಾನ್ ಹೇಳ್ತೀನಿ. ಇಷ್ಟು ವರ್ಷ ಅವರಂದಿದ್ದನ್ನೆಲ್ಲ ನಂಗೆ ನೀವು ಹೇಳ್ಲಿಲ್ವಾ?"

"ಗಂಟಲು ಆಪರೇಷನ್‌ದು ಯಾರು?" ಬಾಗಿಲಿಂದ ನರ್ಸ್ ಕೂಗಿದಳು.

ಅವನು ಹೆಂಡತಿಯ ಭುಜ ಮುಟ್ಟಿ, ದನಿಯನ್ನೇ ತೆಗೆಯದೆ, ತುಟಿಯನ್ನಷ್ಟೇ ಆಡಿಸಿದ.

ಆಕೆ ಎದ್ದು, ಅವನ ಕೊರಳಿನ ಟೇಪು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು.

"ಬಂದೆ ಅಂತಿದ್ದಾರೆ, ಸಿಸ್ಟರ್!"

ಇಬ್ಬರೂ ಒಳಗೆ ಹೋದರು.